75ನೇ ಆಟದ ಲೆಕ್ಕ

ಟೀವಿ ಕ್ವಿಜ್ಜಿನ ಒಂದು ಕಂತನ್ನು ನೋಡದವರಿಗೆ ಬರೆದು ಹೇಳುವುದು ಸುಲಭ ಅಂತ ಅನಿಸುತ್ತದೆ. ಪ್ರಶ್ನೆ ಬಂತು, ಒಬ್ಬರು ಸರಿ ಹೇಳಿದರು, ಇನ್ನೊಬ್ಬರು ತಪ್ಪು ಹೇಳಿದರು, ಕೊನೆಗೆ ಯಾರೋ ಗೆದ್ದರು. ಹಾಗೆ ಬರೆದು ನೋಡಿ. ಕ್ರಿಕೆಟ್ ವರದಿಯಲ್ಲಿ ಮುನ್ನೂರು ಬಾಲನ್ನೂ ಒಂದೊಂದಾಗಿ ಬರೆದ ಹಾಗಾಗುತ್ತದೆ. ಓದುವವರು ಎರಡನೇ ಪ್ಯಾರಾಕ್ಕೇ ಎದ್ದು ಹೋಗುತ್ತಾರೆ.

ನಮ್ಮದೊಂದು ಸಣ್ಣ ಗುಂಪಿದೆ, ಎಲ್ಲ ಕ್ವಿಜ್ ಹುಚ್ಚಿನವರು. ಹಳೆಯ ಕಾರ್ಯಕ್ರಮಗಳ ಒಳ್ಳೊಳ್ಳೆ ಕಂತುಗಳನ್ನು ಸರದಿ ಮೇಲೆ ಒಬ್ಬೊಬ್ಬರು ನೋಡಿ, ಉಳಿದವರಿಗೆ ಬರೆದು ಕಳಿಸಬೇಕು ಅಂತ ಮಾತಾಗಿದೆ. ನನ್ನ ಸರದಿಗೆ ನಾನು ಆರಿಸಿಕೊಂಡದ್ದು ಅಮೆರಿಕದ ‘ಜೆಪರ್ಡಿ’ಯ 2004ರ ನವೆಂಬರ್ 30ರ ಕಂತು. ಕೆನ್ ಜೆನ್ನಿಂಗ್ಸ್ ಸೋತ ಕಂತು.

ಜೆನ್ನಿಂಗ್ಸ್ ಯಾರು ಅಂತ ಗೊತ್ತಿಲ್ಲದವರಿಗೆ ಎರಡು ಮಾತು. 2004ರ ಜೂನ್ 2ರಂದು ಅವರು ಮೊದಲ ಸಲ ಆ ಕಾರ್ಯಕ್ರಮದಲ್ಲಿ ಕಾಣಿಸಿಕೊಂಡರು. ಅಲ್ಲಿಂದ ಸತತ 74 ಆಟ ಗೆದ್ದರು. ಗೆದ್ದ ಹಣ 25,20,700 ಡಾಲರ್. ಅದಕ್ಕೂ ಮುಂಚೆ ಅಲ್ಲಿ ಐದು ದಿನ ಗೆದ್ದವರನ್ನು ಹಾರ ಹಾಕಿ ಮನೆಗೆ ಕಳಿಸುವ ನಿಯಮ ಇತ್ತು. 2003ರಲ್ಲಿ ಆ ನಿಯಮ ತೆಗೆದರು. ತೆಗೆದ ಮೊದಲ ವರ್ಷವೇ ಈ ಮನುಷ್ಯ ಬಂದ, ಹೋಗಲಿಲ್ಲ.

ಸೋತದ್ದು 75ನೇ ಆಟದಲ್ಲಿ. ಆ ಸೋಲಿನ ಬಗ್ಗೆ ಎಲ್ಲರೂ ಹೇಳುವ ಕಥೆ ಒಂದೇ: ಕೊನೆಯ ಪ್ರಶ್ನೆಗೆ ಉತ್ತರ ಒಂದು ತೆರಿಗೆ ಕಂಪನಿ, ಇವರು ಫೆಡೆಕ್ಸ್ ಅಂತ ಪಾರ್ಸೆಲ್ ಕಂಪನಿಯ ಹೆಸರು ಬರೆದರು, ಸೋತರು. ನಾನೂ ಆ ಕಥೆಯನ್ನೇ ಸ್ವಲ್ಪ ಚೆನ್ನಾಗಿ ಬರೆಯೋಣ ಅಂತಲೇ ಕೂತಿದ್ದು. ಆದರೆ ಹಣದ ಲೆಕ್ಕ ಬರೆಯುತ್ತಾ ಹೋದ ಹಾಗೆ ಕಥೆ ಬೇರೆ ಕಡೆ ಎಳೆಯಿತು.

ಮೊದಲ ಸಲ ನೋಡುವಾಗ ಪೆನ್ನು ಮುಟ್ಟುವುದಿಲ್ಲ. ಇದು ನಾನು ಪಾಲಿಸುವ ಒಂದೇ ಒಂದು ನಿಯಮ. ಸುಮ್ನೆ ನೋಡಬೇಕು, ಮನಸ್ಸಿನಲ್ಲೇ ಉತ್ತರ ಹೇಳಿಕೊಳ್ಳಬೇಕು, ಬೇಜಾರಾದ ಕಡೆ ಬೇಜಾರಾಗಬೇಕು. ಎಲ್ಲಿ ಬೇಜಾರಾಯಿತು ಅನ್ನುವುದು ಆಮೇಲೆ ಕತ್ತರಿ ಹಾಕುವಾಗ ತುಂಬಾ ಉಪಯೋಗಕ್ಕೆ ಬರುತ್ತದೆ. ಎಲ್ಲಿ ಕುರ್ಚಿಯ ತುದಿಗೆ ಬಂದೆ ಅನ್ನುವುದೂ ಅಷ್ಟೇ.

ಎರಡನೇ ಸಲ ಹಾಳೆ, ಸ್ಕೇಲು, ಪೆನ್ಸಿಲ್. ಅಡ್ಡಗೆರೆ ಉದ್ದಗೆರೆ ಎಳೆದು ಕಾಲಂ ಮಾಡುತ್ತೇನೆ. ಯಾರು ಆರಿಸಿದರು, ಎಷ್ಟರ ಪ್ರಶ್ನೆ, ಯಾರು ಬಜರ್ ಒತ್ತಿದರು, ಸರಿಯೋ ತಪ್ಪೋ, ಈಗ ಯಾರ ಬಳಿ ಎಷ್ಟಿದೆ. ಜೆಪರ್ಡಿಯ ಬೋರ್ಡಿನಲ್ಲಿ ಆರು ವಿಷಯ, ಒಂದೊಂದಕ್ಕೆ ಐದು ಪ್ರಶ್ನೆ. ಒಂದು ಸುತ್ತಿಗೆ 30. ಮೊದಲ ಸುತ್ತಿನಲ್ಲಿ 200ರಿಂದ 1,000 ಡಾಲರ್ ತನಕ, ಎರಡನೆಯದರಲ್ಲಿ 400ರಿಂದ 2,000. ಎರಡು ಸುತ್ತು ಸೇರಿ 60, ಕೊನೆಯದೊಂದು, ಒಟ್ಟು 61. ತಪ್ಪು ಹೇಳಿದರೆ ಅಷ್ಟೇ ಹಣ ಕಳೆಯುತ್ತಾರೆ. ಅದಕ್ಕೇ ಅಲ್ಲಿ ಮೈನಸ್‌ಗೂ ಹೋಗಬಹುದು.

ಇನ್ನೊಂದು ವಿಚಿತ್ರ ಇದೆ. ಅಲ್ಲಿ ಕೊಡುವುದು ಉತ್ತರ, ಸ್ಪರ್ಧಿ ಹೇಳಬೇಕಾದ್ದು ಪ್ರಶ್ನೆ. ಈ ಐಡಿಯಾ ಕಾರ್ಯಕ್ರಮ ಹುಟ್ಟುಹಾಕಿದ ಮರ್ವ್ ಗ್ರಿಫಿನ್ ಅವರ ಹೆಂಡತಿ ಜೂಲನ್ ಅವರದು. 1950ರ ದಶಕದಲ್ಲಿ ಅಮೆರಿಕದ ಕೆಲವು ಕ್ವಿಜ್‌ಗಳಲ್ಲಿ ಸ್ಪರ್ಧಿಗಳಿಗೆ ಮುಂಚೆಯೇ ಉತ್ತರ ಹೇಳಿಕೊಟ್ಟು ದೊಡ್ಡ ರಂಪ ಆಗಿತ್ತು. ಹಾಗಾದರೆ ಉತ್ತರವನ್ನು ಎಲ್ಲರೆದುರಿಗೇ ಕೊಟ್ಟುಬಿಡೋಣ ಅಂತ ಅವರು ಅಂದರಂತೆ. 5,280 ಅಂದರೆ ‘ಒಂದು ಮೈಲಿಗೆ ಎಷ್ಟು ಅಡಿ?’ ಅನ್ನಬೇಕು. 1964ರಲ್ಲಿ ಶುರುವಾದ ಕಾರ್ಯಕ್ರಮ ಇವತ್ತಿಗೂ ಹೀಗೇ ನಡೆಯುತ್ತಿದೆ. ಬರೆಯುವವರಿಗೆ ಮಾತ್ರ ಇದು ತಲೆನೋವು. ಪ್ರತಿ ಸಲ ‘ಉತ್ತರ ಬಂತು, ಪ್ರಶ್ನೆ ಹೇಳಿದರು’ ಅಂತ ಬರೆದರೆ ಓದುವವರ ತಲೆ ಗಿರ್ರ್ ಅನ್ನುತ್ತದೆ. ನಾನು ಮಾಮೂಲಿಯಾಗಿ ಪ್ರಶ್ನೆಯನ್ನು ಪ್ರಶ್ನೆ ಅಂತಲೇ, ಉತ್ತರವನ್ನು ಉತ್ತರ ಅಂತಲೇ ಬರೆದೆ. ಶಾಸ್ತ್ರ ನೋಡುವವರು ಕ್ಷಮಿಸಲಿ.

ನಿಲ್ಲಿಸಿ, ಬರೆದು, ಮತ್ತೆ ಪ್ಲೇ ಮಾಡಿ. ಇಪ್ಪತ್ತೆರಡು ನಿಮಿಷದ ಆಟ ಒಂದು ಸಂಜೆಯನ್ನು ತಿಂದು ಹಾಕುತ್ತದೆ. ನಿರೂಪಕ ಅಲೆಕ್ಸ್ ಟ್ರೆಬೆಕ್ ಓದುವ ವೇಗಕ್ಕೆ ನಮ್ಮ ಕೈ ಓಡುವುದಿಲ್ಲ. ಹಣ ಕೂಡಿಸುವುದನ್ನು ಮಧ್ಯೆ ಮಧ್ಯೆ ಪರದೆಯ ಅಂಕಿಯ ಜೊತೆ ತಾಳೆ ನೋಡಬೇಕು. ತಾಳೆ ಆಗದಿದ್ದರೆ ಹಿಂದಕ್ಕೆ. ಕೆಲವು ಸಲ ನಿರ್ಣಾಯಕರು ಆಮೇಲೆ ತೀರ್ಪು ಬದಲಿಸಿ ಬ್ರೇಕ್ ಮುಗಿದ ಮೇಲೆ ಹಣ ತಿದ್ದುತ್ತಾರೆ. ಅಂಥದ್ದು ತಪ್ಪಿಹೋದರೆ ಅಲ್ಲಿಂದ ಮುಂದಿನ ಲೆಕ್ಕವೆಲ್ಲ ಗೋತಾ.

ಕಾಲಂ ತುಂಬಿದ ಹಾಗೆ ಒಂದು ವಿಷಯ ಕಾಡತೊಡಗಿತು. ಬಜರ್ ಯಾರಿಗೆ ಸಿಕ್ಕಿತು ಅನ್ನುವುದು ಮಾತ್ರ ನಮಗೆ ಕಾಣುತ್ತದೆ. ಯಾರಿಗೆ ಸಿಗಲಿಲ್ಲ ಅನ್ನುವುದು ಕಾಣುವುದಿಲ್ಲ. ಜೆಪರ್ಡಿಯಲ್ಲಿ ನಿರೂಪಕರು ಓದಿ ಮುಗಿಸುವ ತನಕ ಬಜರ್ ಕೆಲಸ ಮಾಡುವುದಿಲ್ಲ. ಮುಗಿದ ಕೂಡಲೇ ಸಿಬ್ಬಂದಿಯೊಬ್ಬರು ಅದನ್ನು ಚಾಲೂ ಮಾಡುತ್ತಾರೆ, ಬೋರ್ಡಿನ ಪಕ್ಕದ ದೀಪಗಳು ಹತ್ತುತ್ತವೆ. ಅದಕ್ಕಿಂತ ಮುಂಚೆ ಒತ್ತಿದರೆ ಕಾಲು ಸೆಕೆಂಡ್ ಬಜರ್ ಸತ್ತುಹೋಗುತ್ತದೆ. ಆ ಕಾಲು ಸೆಕೆಂಡಿನಲ್ಲಿ ಬೇರೆಯವರು ಒತ್ತಿಬಿಟ್ಟಿರುತ್ತಾರೆ. ಹಾಗಾಗಿ ‘ಪಾಪ, ಅವರಿಗೆ ಗೊತ್ತಿರಲಿಲ್ಲ’ ಅಂತ ಸುಮ್ಮನಿದ್ದವರ ಬಗ್ಗೆ ಬರೆಯಬಾರದು. ಗೊತ್ತಿದ್ದೂ ಬೆರಳು ಮುಂಚೆ ಬಿದ್ದಿರಬಹುದು. ಈ ಆಟದಲ್ಲಿ ಮೂರನೆಯ ಸ್ಪರ್ಧಿ ಎರಡನೇ ಸುತ್ತು ಮುಗಿದಾಗ ಸೊನ್ನೆಗಿಂತ ಮೇಲೆ ಬರಲಿಲ್ಲ, ಹಾಗಾಗಿ ಕೊನೆಯ ಪ್ರಶ್ನೆಗೇ ನಿಲ್ಲಲಿಲ್ಲ. ಅವರ ಬಗ್ಗೆ ಬರೆದಿದ್ದ ಒಂದು ಚುಚ್ಚುಮಾತನ್ನು ನಾನು ಹೊಡೆದುಹಾಕಿದ್ದು ಇದೇ ಕಾರಣಕ್ಕೆ. ಎದುರಿಗೆ 74 ಆಟ ಆಡಿ ಬಜರಿನ ಲಯ ಕರಗತ ಆದ ಮನುಷ್ಯ ನಿಂತಿದ್ದರೆ ಹೊಸಬರ ಪಾಡು ಏನಾಗಬೇಕು?

ಈಗ ಮುಖ್ಯ ಜಾಗಕ್ಕೆ ಬರುತ್ತೇನೆ.

ಬೋರ್ಡಿನಲ್ಲಿ ಡೈಲಿ ಡಬಲ್ ಅಂತ ಬಚ್ಚಿಟ್ಟಿರುತ್ತಾರೆ. ಮೊದಲ ಸುತ್ತಿನಲ್ಲಿ ಒಂದು, ಎರಡನೆಯದರಲ್ಲಿ ಎರಡು. ಅದನ್ನು ಆರಿಸಿದವರು ಒಬ್ಬರೇ ಆಡಬೇಕು, ಬಜರ್ ಇಲ್ಲ. ತಮ್ಮ ಬಳಿ ಇರುವುದರಲ್ಲಿ ಎಷ್ಟು ಬೇಕಾದರೂ ಪಣಕ್ಕೆ ಕಟ್ಟಬಹುದು. ಆ ದಿನ ಎರಡನೇ ಸುತ್ತಿನ ಎರಡೂ ಡೈಲಿ ಡಬಲ್ ಜೆನ್ನಿಂಗ್ಸ್‌ಗೇ ಸಿಕ್ಕವು. ಒಂದಕ್ಕೆ 5,400 ಕಟ್ಟಿದರು, ತಪ್ಪು. ಇನ್ನೊಂದಕ್ಕೆ 4,800 ಕಟ್ಟಿದರು, ಅದೂ ತಪ್ಪು. ನನ್ನ ಹಾಳೆಯಲ್ಲಿ ಎರಡು ಕಡೆ ಕೆಂಪು ಸುತ್ತು.

ಸುತ್ತು ಮುಗಿದಾಗ ಜೆನ್ನಿಂಗ್ಸ್ ಬಳಿ 14,400. ಎದುರಾಳಿ ನ್ಯಾನ್ಸಿ ಜರ್ಗ್ ಬಳಿ 10,000.

ಇಲ್ಲಿ ಒಂದು ಸಣ್ಣ ಲೆಕ್ಕ ಮಾಡಿ ನೋಡಿ. ಕೊನೆಯ ಪ್ರಶ್ನೆಗೆ ಯಾರೇ ಆದರೂ ತಮ್ಮಲ್ಲಿರುವಷ್ಟನ್ನು ಕಟ್ಟಿ ದುಪ್ಪಟ್ಟು ಮಾಡಿಕೊಳ್ಳಬಹುದು, ಅಷ್ಟೇ. ಜರ್ಗ್ ಎಷ್ಟೇ ಮಾಡಿದರೂ 20,000 ದಾಟುವ ಹಾಗಿಲ್ಲ. ಜೆನ್ನಿಂಗ್ಸ್ ಬಳಿ ಅದಕ್ಕಿಂತ ಜಾಸ್ತಿ ಇದ್ದಿದ್ದರೆ ಕೊನೆಯ ಪ್ರಶ್ನೆ ಬರೀ ಶಾಸ್ತ್ರಕ್ಕೆ. ಫೆಡೆಕ್ಸ್ ಅಂತಾದರೂ ಬರೆಯಲಿ, ಏನೂ ಬರೆಯದೇ ಇರಲಿ, ಗೆಲುವು ಅವರದೇ. ಅವರು ಆಡುತ್ತಿದ್ದದ್ದೇ ಹಾಗೆ. ಅಲ್ಲಿಯ ತನಕದ ಬಹುಪಾಲು ಆಟಗಳಲ್ಲಿ ಕೊನೆಯ ಪ್ರಶ್ನೆ ಬರುವ ಹೊತ್ತಿಗೆ ಎದುರಾಳಿಗಳ ಕೈಕಟ್ಟಿ ಆಗಿರುತ್ತಿತ್ತು. 75 ಆಟದಲ್ಲಿ ಅವರಿಗೆ ಹಾಗೆ ಬೀಗ ಹಾಕಲು ಆಗದೇ ಹೋದದ್ದು ಇದು ಹತ್ತನೇ ಸಲ.

ಆ ಎರಡು ಪಣದಲ್ಲಿ ಹೋದದ್ದು 10,200. ಅದನ್ನು 14,400ಕ್ಕೆ ಸೇರಿಸಿ. 24,600. ಬೀಗ ಬಿದ್ದ ಹಾಗೆ.

ಇನ್ನೂ ಸ್ವಾರಸ್ಯ ಇದೆ. ಮೊದಲನೆಯದರಲ್ಲಿ ಮಾತ್ರ ಹಣ ಕಳೆದುಕೊಳ್ಳದೆ ಇದ್ದಿದ್ದರೆ 19,800. ಎರಡನೆಯದರಲ್ಲಿ ಮಾತ್ರ ಕಳೆದುಕೊಳ್ಳದಿದ್ದರೆ 19,200. ಎರಡೂ 20,000ಕ್ಕೆ ಕಡಿಮೆಯೇ. ಅಂದರೆ ಒಂದರ ಹಣವನ್ನು ಮಾತ್ರ ಉಳಿಸಿಕೊಂಡಿದ್ದರೆ ಬೀಗಕ್ಕೆ ಸಾಲುತ್ತಿರಲಿಲ್ಲ. ಎರಡನ್ನೂ ಉಳಿಸಿಕೊಳ್ಳಬೇಕಿತ್ತು, ಇಲ್ಲವೇ ಒಂದಕ್ಕಾದರೂ ಸರಿ ಉತ್ತರವನ್ನೇ ಕೊಡಬೇಕಿತ್ತು. ಹೌದು, ಒಂದು ಕಡೆ ಹಣ ಬದಲಾದರೆ ಮುಂದಿನ ಆಟವೇ ಬದಲಾಗುತ್ತದೆ, ಇದು ಕಾಗದದ ಮೇಲಿನ ಲೆಕ್ಕ. ಆದರೂ ಈ ನಾಲ್ಕು ಅಂಕಿ ಕೂಡಿಸಿ ಕಳೆದ ಮೇಲೆ ‘ಫೆಡೆಕ್ಸ್ ಅಂದರು, ಸೋತರು’ ಅಂತ ಬರೆಯಲು ನನಗೆ ಕೈ ಬರಲಿಲ್ಲ. ಬರೆದಿಟ್ಟಿದ್ದ ಮೊದಲ ಪ್ಯಾರಾವನ್ನು ಹಾಗೇ ಎತ್ತಿ ಪಕ್ಕಕ್ಕಿಟ್ಟೆ. ರೀಕ್ಯಾಪನ್ನು ಆ ಎರಡು ಕೆಂಪು ಸುತ್ತಿನಿಂದಲೇ ಶುರು ಮಾಡಿದೆ.

ಅಷ್ಟು ದೊಡ್ಡ ಪಣ ಕಟ್ಟಿದ್ದು ದುರಾಸೆ ಅಂತ ಕೆಲವರು ಹೇಳುತ್ತಾರೆ. ನನಗೆ ಒಪ್ಪಿಗೆ ಇಲ್ಲ. ಹಾಗೆ ಕಟ್ಟಿ ಕಟ್ಟಿಯೇ ಅಲ್ವಾ ಆ 74 ಗೆಲುವು ಬಂದದ್ದು? ಆ ದಿನ ಎರಡೂ ಕೈಕೊಟ್ಟವು.

ಇನ್ನು ಕೊನೆಯ ಪ್ರಶ್ನೆ. ವಿಷಯ ‘ವ್ಯಾಪಾರ ಮತ್ತು ಉದ್ಯಮ’. ಪ್ರಶ್ನೆ ಹೆಚ್ಚುಕಡಿಮೆ ಹೀಗಿತ್ತು: ಈ ಕಂಪನಿಯ 70,000 ಸೀಸನ್ ನೌಕರರು ವೈಟ್ ಕಾಲರ್ ಕೆಲಸದವರು, ಅವರಲ್ಲಿ ಬಹುಪಾಲು ಜನ ವರ್ಷಕ್ಕೆ ನಾಲ್ಕೇ ತಿಂಗಳು ಕೆಲಸ ಮಾಡುತ್ತಾರೆ. ಯಾವುದು? ಯೋಚಿಸಲು 30 ಸೆಕೆಂಡ್, ಹಿನ್ನೆಲೆಯಲ್ಲಿ ಗ್ರಿಫಿನ್ ಅವರೇ ಕಟ್ಟಿದ ಆ ಪ್ರಸಿದ್ಧ ಟ್ಯೂನು.

ಈ ಪ್ರಶ್ನೆಯನ್ನು ನಮ್ಮವರಿಗೆ ದಾಟಿಸುವುದಕ್ಕೆ ಸ್ವಲ್ಪ ಒದ್ದಾಡಿದೆ. ಅಮೆರಿಕದಲ್ಲಿ ಆದಾಯ ತೆರಿಗೆ ರಿಟರ್ನ್ ಕೊಡಲು ಕಡೆ ದಿನ ಸಾಮಾನ್ಯವಾಗಿ ಏಪ್ರಿಲ್ 15. ಜನವರಿಯಿಂದ ಅಲ್ಲಿಯವರೆಗೆ ತೆರಿಗೆ ಫಾರಂ ತುಂಬಿಕೊಡುವವರಿಗೆ ಸುಗ್ಗಿ. ಇದು ಮೊದಲೇ ಗೊತ್ತಿದ್ದರೆ ಉತ್ತರ ಹೊಳೆಯುತ್ತದೆ: ಎಚ್ ಅಂಡ್ ಆರ್ ಬ್ಲಾಕ್. ಗೊತ್ತಿಲ್ಲದಿದ್ದರೆ ಕ್ರಿಸ್‌ಮಸ್ ಹೊತ್ತಿನ ಪಾರ್ಸೆಲ್ ರಾಶಿ ನೆನಪಾಗುತ್ತದೆ, ಫೆಡೆಕ್ಸ್ ಅನಿಸುತ್ತದೆ. ಆದರೆ ಪಾರ್ಸೆಲ್ ಹೊರುವುದು ವೈಟ್ ಕಾಲರ್ ಕೆಲಸ ಅಲ್ಲ, ಕ್ರಿಸ್‌ಮಸ್ ರಶ್ಶು ನಾಲ್ಕು ತಿಂಗಳು ನಡೆಯುವುದೂ ಇಲ್ಲ. ಸುಳಿವು ಎರಡು ಕಡೆ ಇತ್ತು. ಆದರೆ ನಾನು ಏಪ್ರಿಲ್ 15ರ ವಿಷಯವನ್ನು ಪ್ರಶ್ನೆಗಿಂತ ಮುಂಚೆ ಹೇಳಿದರೆ ಓದುವವರಿಗೆ ಉತ್ತರ ಬಾಯಿಗಿಟ್ಟ ಹಾಗೆ. ಆಮೇಲೆ ಹೇಳಿದರೆ, ಇದು ನಮಗೆ ಹೇಗಪ್ಪಾ ಗೊತ್ತಾಗಬೇಕು ಅಂತ ಬೈಯುತ್ತಾರೆ. ಕೊನೆಗೆ ಅದನ್ನು ತುಂಬಾ ಮೇಲೆ, ಪೀಠಿಕೆಯಲ್ಲಿ, ಬೇರೆ ಯಾವುದೋ ಮಾತಿನ ನಡುವೆ ತೂರಿಸಿಟ್ಟೆ. ಕ್ವಿಜ್ ಬರೆಯುವವರಿಗೆ ಈ ಕಳ್ಳತನ ಗೊತ್ತು.

ಉತ್ತರ ತೋರಿಸುವಾಗ ಹಣ ಕಡಿಮೆ ಇರುವವರಿಂದ ಶುರು. ಜರ್ಗ್ ಸರಿ ಬರೆದಿದ್ದರು. 4,401 ಕಟ್ಟಿದ್ದರು. ಒಟ್ಟು 14,401. ಪರದೆಯಲ್ಲಿ ಆ ಅಂಕಿ ಬಂದಾಗ ನಾನು ನಿಲ್ಲಿಸಿ ಸ್ವಲ್ಪ ಹೊತ್ತು ನೋಡುತ್ತಾ ಕೂತೆ. ಜೆನ್ನಿಂಗ್ಸ್ ಬಳಿ ಇದ್ದದ್ದು 14,400. ಒಂದೇ ಒಂದು ಡಾಲರ್ ಮುಂದೆ. ಆಮೇಲೆ ಜೆನ್ನಿಂಗ್ಸ್ ಪರದೆ. ಫೆಡೆಕ್ಸ್. ಕಟ್ಟಿದ್ದು 5,601, ಉಳಿದದ್ದು 8,799. ಸ್ಟುಡಿಯೋದಲ್ಲಿ ಕೂತವರು ಉಸಿರೆಳೆದುಕೊಂಡದ್ದು ಕೇಳಿಸುತ್ತದೆ. ಜೆನ್ನಿಂಗ್ಸ್ ಹೋಗಿ ಜರ್ಗ್ ಅವರನ್ನು ಅಪ್ಪಿಕೊಂಡರು, ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಜರ್ಗ್ ಮುಖದಲ್ಲಿ ಗೆದ್ದ ಖುಷಿಗಿಂತ ಗಾಬರಿಯೇ ಜಾಸ್ತಿ.

ಬರೆದದ್ದನ್ನು ಕಳಿಸುವ ಮುಂಚೆ ಅಕ್ಕನ ಮಗಳಿಗೆ ಓದಲು ಕೊಡುತ್ತೇನೆ. ಅವಳು ಜೆಪರ್ಡಿ ನೋಡಿದವಳಲ್ಲ. ಅವಳಿಗೆ ಅರ್ಥವಾದರೆ ಎಲ್ಲರಿಗೂ ಅರ್ಥವಾಗುತ್ತದೆ ಅನ್ನುವುದು ನನ್ನ ಲೆಕ್ಕ. ಓದಿ ಮುಗಿಸಿ ಪೆನ್ಸಿಲ್ ಕಿತ್ತುಕೊಂಡಳು.

“ಮಾಮ, ಇವರು 5,601 ಅಂತ ಚಿಲ್ಲರೆ ಸಮೇತ ಯಾಕೆ ಕಟ್ಟಿದ್ರು?”

“ಜರ್ಗ್ ಎಲ್ಲಾ ಕಟ್ಟಿ ಗೆದ್ರೆ 20,000 ಆಗುತ್ತೆ. ಇವರು ಸರಿ ಹೇಳಿದ್ರೆ 20,001. ಒಂದು ಡಾಲರ್ ಮೇಲಿದ್ರೆ ಸಾಕಲ್ವಾ?”

“ಹಾಗಾದ್ರೆ ಇವರು ಅಷ್ಟೇ ಕಟ್ತಾರೆ ಅಂತ ಜರ್ಗ್‌ಗೂ ಗೊತ್ತಿತ್ತು ತಾನೆ?”

“ಗೊತ್ತಿರಲೇಬೇಕು. ಮುಂದಿರೋರು ಸಾಮಾನ್ಯವಾಗಿ ಹಾಗೇ ಕಟ್ಟೋದು.”

“ಮತ್ತೆ ಜರ್ಗ್ ಯಾಕೆ ಅಷ್ಟೊಂದು ಕಟ್ಟಿದ್ರು? ತಪ್ಪಾಗಿದ್ರೆ?”

ಹಾಳೆಯ ಅಂಚಿನಲ್ಲೇ ಕೂಡಿಸಿ ಕಳೆದೆವು. ಇಬ್ಬರೂ ತಪ್ಪು ಹೇಳಿದ್ದರೆ ಜೆನ್ನಿಂಗ್ಸ್ 8,799, ಜರ್ಗ್ 5,599. ಜೆನ್ನಿಂಗ್ಸ್ ಗೆದ್ದು 76ನೇ ಆಟಕ್ಕೆ ಹೋಗುತ್ತಿದ್ದರು. ಜರ್ಗ್ ಬರೀ 1,200 ಕಟ್ಟಿದ್ದರೆ? ತಪ್ಪಾದರೂ 8,800 ಉಳಿಯುತ್ತಿತ್ತು. ಮತ್ತೆ ಒಂದೇ ಡಾಲರ್ ಮುಂದೆ! ಅಂದರೆ 1,200 ಅಥವಾ ಅದಕ್ಕಿಂತ ಕಡಿಮೆ ಕಟ್ಟಿದ್ದರೆ, ಜೆನ್ನಿಂಗ್ಸ್ ತಪ್ಪು ಹೇಳಿದರೆ ಸಾಕು, ತಮಗೆ ಉತ್ತರ ಗೊತ್ತಿರಲಿ ಬಿಡಲಿ ಗೆಲುವು ತಮ್ಮದೇ. 4,401 ಕಟ್ಟಿದ್ದರಿಂದ ಎರಡು ಕೆಲಸ ಆಗಬೇಕಿತ್ತು: ಜೆನ್ನಿಂಗ್ಸ್ ತಪ್ಪಬೇಕು, ಜರ್ಗ್ ಸರಿ ಹೇಳಬೇಕು. ಎರಡೂ ಆಯಿತು.

“ಹಾಗಾದ್ರೆ ಜರ್ಗ್ ಅವರದು ದಡ್ಡತನ ಅಂತ ಬರಿ,” ಅಂದಳು.

ಬರೆಯಲಿಲ್ಲ. ಜೆನ್ನಿಂಗ್ಸ್ ಏನೂ ಕಟ್ಟದೆ 14,400ರಲ್ಲೇ ನಿಂತುಬಿಟ್ಟರೆ ಅನ್ನುವ ಯೋಚನೆಗೆ 4,401 ಸರಿಯಾದ ಉತ್ತರವೇ. 74 ಸಲ ಗೆದ್ದ ಮನುಷ್ಯ ಪಕ್ಕದಲ್ಲಿ ನಿಂತಿರುವಾಗ, ಕೈಯಲ್ಲಿ ಹಣ ಬರೆಯುವ ಆ ಪೆನ್ನು ಹಿಡಿದು, ಅವರು ತಪ್ಪುತ್ತಾರೆ ಅಂತ ನಂಬಿ 1,200 ಬರೆಯಲು ಬೇರೆಯೇ ಗುಂಡಿಗೆ ಬೇಕು. ಮನೆಯಲ್ಲಿ ಕೂತು ಹೇಳುವುದು ಸಲೀಸು. ಈ ಲೆಕ್ಕವನ್ನು ನಾಲ್ಕು ಸಾಲಿನಲ್ಲಿ ಸೇರಿಸಿದೆ, ತೀರ್ಪು ಕೊಡದೆ ಬಿಟ್ಟೆ. ಗುಂಪಿನಲ್ಲಿ ಜಗಳ ಆಡಲು ಏನಾದರೂ ಇರಬೇಕಲ್ಲ.

ಆಮೇಲೆ ಕತ್ತರಿ ಹಾಕುವ ಕೆಲಸ. 60 ಪ್ರಶ್ನೆಯಲ್ಲಿ ಉಳಿಸಿಕೊಂಡದ್ದು ಬೆರಳೆಣಿಕೆ. ಡೈಲಿ ಡಬಲ್‌ಗಳು, ಮುನ್ನಡೆ ಕೈ ಬದಲಾದ ಜಾಗ, ಅಷ್ಟೇ. ಟ್ರೆಬೆಕ್ ಸ್ಪರ್ಧಿಗಳ ಜೊತೆ ಹರಟುವ ಭಾಗ ಪೂರ್ತಿ ಹೋಯಿತು. ಜೆನ್ನಿಂಗ್ಸ್ ಅವರ ಮೊದಲ ಆಟದ ಒಂದು ಸಂಗತಿಯನ್ನು ಮಾತ್ರ ಬಿಡಲು ಮನಸ್ಸಾಗಲಿಲ್ಲ. ಅಲ್ಲಿ ಕೊನೆಯ ಪ್ರಶ್ನೆ, ಒಂದೇ ಒಲಿಂಪಿಕ್ಸ್‌ನಲ್ಲಿ ಐದು ಬೇರೆ ಬೇರೆ ಸ್ಪರ್ಧೆಗಳಲ್ಲಿ ಪದಕ ಗೆದ್ದ ಮೊದಲ ಟ್ರ್ಯಾಕ್ ಅಂಡ್ ಫೀಲ್ಡ್ ಮಹಿಳಾ ಅಥ್ಲೀಟ್ ಯಾರು ಅಂತ. ಮರಿಯನ್ ಜೋನ್ಸ್. ಇವರು ಬರೆದದ್ದು ಬರೀ ‘ಜೋನ್ಸ್’. ನಿರ್ಣಾಯಕರು ಒಪ್ಪಿಕೊಂಡರು. ಒಪ್ಪದಿದ್ದರೆ ಆ ದಿನ ಅವರು ಮೂರನೆಯವರಾಗಿ ಮನೆಗೆ ಹೋಗುತ್ತಿದ್ದರು, 74 ಗೆಲುವು ಹುಟ್ಟುತ್ತಲೇ ಇರಲಿಲ್ಲ. 2007ರಲ್ಲಿ ಆ ಜೋನ್ಸ್ ಅವರ ಪದಕಗಳನ್ನೂ ಡೋಪಿಂಗ್ ಕಾರಣಕ್ಕೆ ಕಿತ್ತುಕೊಂಡರು, ಅದು ಬೇರೆ ಕಥೆ.

ಕೊನೆಯ ಪ್ಯಾರಾದಲ್ಲಿ ಒಣ ಸಂಗತಿಗಳು. ಎರಡನೇ ಸ್ಥಾನಕ್ಕೆ ಜೆನ್ನಿಂಗ್ಸ್‌ಗೆ 2,000 ಡಾಲರ್ ಸಿಕ್ಕಿ ಒಟ್ಟು 25,22,700 ಆಯಿತು. ಜರ್ಗ್ ಮಾರನೆಯ ಆಟದಲ್ಲೇ ಮೂರನೆಯವರಾಗಿ ಹೊರಗೆ ಹೋದರು. ಟ್ರೆಬೆಕ್ 2020ರಲ್ಲಿ ತೀರಿಕೊಂಡರು. ಈಗ ಅದೇ ಜಾಗದಲ್ಲಿ ನಿಂತು ಪ್ರಶ್ನೆ ಓದುತ್ತಿರುವುದು ಜೆನ್ನಿಂಗ್ಸ್.

ಕಳಿಸಿ ಆಯಿತು. ಮುಂದಿನದಕ್ಕೆ 2019ರ ಜೂನ್ 3ರ ಕಂತು ತೆಗೆದಿಟ್ಟಿದ್ದೇನೆ. 32 ಆಟ ಗೆದ್ದಿದ್ದ ಜೇಮ್ಸ್ ಹೋಲ್ಜ್‌ಹೌವರ್ ಅವತ್ತು ಎಮಾ ಬಾಟ್ಚರ್ ಎದುರು ಸೋತರು. ಜೆನ್ನಿಂಗ್ಸ್ ದಾಖಲೆಗೆ ಇನ್ನು 58,484 ಡಾಲರ್ ಬೇಕಿತ್ತು. ಕೊನೆಯ ಪ್ರಶ್ನೆಗೆ ಮುಂಚೆ ಬಾಟ್ಚರ್ ಬಳಿ 26,600, ಹೋಲ್ಜ್‌ಹೌವರ್ ಬಳಿ 23,400, ಮೂರನೆಯವರ ಬಳಿ 11,000. ಹೋಲ್ಜ್‌ಹೌವರ್ ಕಟ್ಟಿದ್ದು ಬರೀ 1,399. ಯಾವಾಗಲೂ ರಾಶಿ ರಾಶಿ ಕಟ್ಟುತ್ತಿದ್ದವರು ಬೇಕಂತಲೇ ಸೋತರು ಅಂತ ಆಗ ಎಷ್ಟೋ ಜನ ಕೂಗಾಡಿದರು.

ಅಂಕಿಗಳನ್ನು ಅಕ್ಕನ ಮಗಳ ಮುಂದಿಟ್ಟೆ. ಏನೂ ಹೇಳಲಿಲ್ಲ. ಮೊದಲು 26,600ರ ಪಕ್ಕ ಏನೇನೋ ಗೀಚಿ ಹೊಡೆದುಹಾಕಿದಳು. ಆಮೇಲೆ 11,000ದ ಪಕ್ಕ 22,000 ಅಂತ ಬರೆದಳು. 23,400ರಲ್ಲಿ 1,399 ಕಳೆದಳು. 22,001 ಬಂತು.

“ಬಾಟ್ಚರ್ ಸರಿ ಹೇಳಿದ್ರೆ ಇವರು ಎಷ್ಟು ಕಟ್ಟಿದ್ರೂ ಅಷ್ಟೇ. ಅವರು ತಪ್ಪು ಹೇಳೋದನ್ನೇ ಕಾಯ್ತಾ, ಹಿಂದಿನವರು ದಾಟದ ಹಾಗೆ ನೋಡ್ಕೊಂಡಿದ್ದಾರೆ. ಬೇಕಂತ ಎಲ್ಲಿ ಸೋತ್ರು ಮಾಮ? ಇದನ್ನ ನಾನೇ ಬರೀತೀನಿ, ಕೊಡಿ.”